ಕಾವಿಲ್ಲದ ಕೊಡಲಿ

‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆಯನ್ನು ನಾವು ಬಳಸುವುದು ಕಾವನ್ನು ಬೈಯಲಿಕ್ಕೆ. ಮರದಲ್ಲೇ ಹುಟ್ಟಿ ಮರವನ್ನೇ ಕಡಿಯುವ ದ್ರೋಹಿ ಅದು. ಆದರೆ ಕಾವಿಲ್ಲದಿದ್ದರೆ ಕೊಡಲಿ ಬರೀ ಕಬ್ಬಿಣದ ತುಂಡು ಎಂಬುದೂ ಆ ಮಾತಿನೊಳಗೇ ಇದೆ. ಜಾವಾ ದ್ವೀಪದ ಡಚ್ಚರ ಆಳ್ವಿಕೆಯನ್ನು ನೋಡಿದಾಗ ಗಾದೆಯ ಈ ಮಗ್ಗುಲೇ ದೊಡ್ಡದಾಗಿ ಕಾಣುತ್ತದೆ.

ಅಲ್ಲಿ ಡಚ್ಚರಿಗೆ ಕಾವಾಗಿ ಒದಗಿದವರು ಬುಪಾತಿಗಳು, ಸ್ಥಳೀಯ ಹಿರಿಮನೆತನಗಳ ಅಧಿಪತಿಗಳು. 1830ರಲ್ಲಿ ಗವರ್ನರ್ ಜನರಲ್ ವಾನ್ ಡೆನ್ ಬಾಷ್ ಕಡ್ಡಾಯ ಬೆಳೆ ಪದ್ಧತಿ ತಂದ. ರೈತ ತನ್ನ ಗದ್ದೆಯ ಒಂದು ಪಾಲಿನಲ್ಲಿ ಸರ್ಕಾರ ಹೇಳಿದ ಕಬ್ಬನ್ನೋ ನೀಲಿಯನ್ನೋ ಬೆಳೆಯಬೇಕು. ಗದ್ದೆಯ ಬದುವಿನ ಮೇಲೆ ನಿಂತು ಗದರುತ್ತಿದ್ದವನು ಡಚ್ಚನಲ್ಲ, ಊರಿನ ಮುಖ್ಯಸ್ಥ. ಅವನ ಬೆನ್ನಿಗೆ ಬುಪಾತಿ. ಸಂದಾಯವಾದ ಬೆಳೆಯ ಮೇಲೆ ಡಚ್ ಅಧಿಕಾರಿಗೂ ಬುಪಾತಿಗೂ ಶೇಕಡಾ ಲೆಕ್ಕದ ಪಾಲು. 1856ರಲ್ಲಿ ಲೆಬಾಕ್ ಸೀಮೆಯ ಡಚ್ ಅಧಿಕಾರಿ ಎಡ್ವರ್ಡ್ ಡೌವೆಸ್ ಡೆಕ್ಕರ್ ಅಲ್ಲಿನ ಬುಪಾತಿಯ ಸುಲಿಗೆಯ ಮೇಲೆ ದೂರು ಕೊಟ್ಟ. ಮೇಲಿನವರು ಬುಪಾತಿಯನ್ನು ಉಳಿಸಿಕೊಂಡರು. ಡೆಕ್ಕರ್ ನೌಕರಿ ಬಿಟ್ಟ.

1901ರ ನಂತರ ಡಚ್ಚರು ‘ನೈತಿಕ ನೀತಿ’ ಎಂದು ಹೆಸರಿಟ್ಟು ಶಾಲೆಗಳನ್ನು ಹೆಚ್ಚಿಸಿದರು. ಧರ್ಮಬುದ್ಧಿ ಇರಲಿಲ್ಲವೆಂದಲ್ಲ, ಕಚೇರಿಗೆ ಹೊಸ ಕಾವಾಗಿ ಅಗ್ಗದ ಗುಮಾಸ್ತರೂ ಬೇಕಾಗಿದ್ದರು. ಬಟಾವಿಯಾದ ವೈದ್ಯಶಾಲೆ ಸ್ಟೋವಿಯಾದ ಹುಡುಗರು 1908ರ ಮೇ 20ರಂದು ‘ಬುದಿ ಉತೋಮೊ’ ಎಂಬ ಸಂಘ ಕಟ್ಟಿದರು. ಇಂಡೋನೇಷ್ಯಾ ಇಂದಿಗೂ ಆ ದಿನವನ್ನು ರಾಷ್ಟ್ರ ಜಾಗೃತಿಯ ದಿನವೆಂದು ಆಚರಿಸುತ್ತದೆ. ನನಗೇನೋ ಅದು ಜಾವಾದ ಗಣ್ಯರ ಅಂಜುಬುರುಕ ಸಂಘವೆಂದೇ ಅನ್ನಿಸುತ್ತದೆ. ಜನಸಾಗರ ಹರಿದುಬಂದದ್ದು ಸೋಲೊ ಪಟ್ಟಣದ ಬಾಟಿಕ್ ವ್ಯಾಪಾರಿಗಳಿಂದ ಬೆಳೆದ ಸರೇಕತ್ ಇಸ್ಲಾಂ ಎಂಬ ಸಂಘಟನೆಗೆ.

ಆದರೆ ಕಾವು ಡಚ್ಚರ ಕೈಯಿಂದ ಜಾರಿದ್ದನ್ನು ಕಾಣಬೇಕಾದರೆ 1913ಕ್ಕೆ ಬರಬೇಕು. ಫ್ರೆಂಚರಿಂದ ತಮ್ಮ ದೇಶ ಬಿಡುಗಡೆಯಾಗಿ ನೂರು ವರ್ಷವಾಯಿತೆಂದು ಡಚ್ಚರು ವಸಾಹತಿನಲ್ಲೂ ಉತ್ಸವಕ್ಕೆ ಹೊರಟರು. ಅದಕ್ಕೆ ಜಾವಾದವರಿಂದಲೂ ಚಂದಾ! ಯೋಗ್ಯಕರ್ತದ ಪಾಕು ಆಲಂ ರಾಜಮನೆತನದ ಸುವಾರ್ದಿ ಸುರ್ಯನಿಂಗ್ರತ್, ಸ್ಟೋವಿಯಾದ ಓದು ಅರ್ಧಕ್ಕೆ ನಿಂತವನು, ‘ನಾನು ಡಚ್ಚನಾಗಿದ್ದರೆ’ ಎಂಬ ಲೇಖನ ಬರೆದ, ಅದೂ ಡಚ್ ಭಾಷೆಯಲ್ಲೇ. ಸ್ವಾತಂತ್ರ್ಯ ಕಿತ್ತುಕೊಂಡ ನೆಲದಲ್ಲಿ, ಕಿತ್ತುಕೊಂಡವರ ಕಾಸಿನಲ್ಲಲ್ಲ, ಕಳಕೊಂಡವರ ಕಾಸಿನಲ್ಲಿ ಸ್ವಾತಂತ್ರ್ಯೋತ್ಸವ ಮಾಡಲು ನಾಚಿಕೆಯಾಗುತ್ತಿತ್ತು ಎಂಬುದು ಅದರ ತಿರುಳು. ಮಲಯ ಭಾಷೆಗೂ ಅದು ಇಳಿದಾಗ ಸರ್ಕಾರ ಕೆರಳಿತು. ಸುವಾರ್ದಿ, ಅವನ ಜೊತೆಗಾರರಾದ ವೈದ್ಯ ಚಿಪ್ತೊ, ಲೆಬಾಕ್‌ನ ಡೆಕ್ಕರನ ಅಣ್ಣತಮ್ಮಂದಿರ ವಂಶದ ಅರ್ನೆಸ್ಟ್ ಡೌವೆಸ್ ಡೆಕ್ಕರ್, ಮೂವರೂ ಗಡೀಪಾರಾಗಿ ನೆದರ್ಲ್ಯಾಂಡ್ಸ್ ಸೇರಿದರು.

ಸುವಾರ್ದಿ ಮರಳಿ ಬಂದು 1922ರಲ್ಲಿ ಯೋಗ್ಯಕರ್ತದಲ್ಲಿ ‘ತಾಮನ್ ಸಿಸ್ವ’ ಶಾಲೆ ತೆರೆದ. ಸರ್ಕಾರದ ಅನುದಾನ ಬೇಡವೆಂದ. 1932ರಲ್ಲಿ ಸರ್ಕಾರ ಇಂಥ ಶಾಲೆಗಳಿಗೆ ‘ಕಾಡು ಶಾಲೆ’ ಎಂದು ಹೆಸರಿಟ್ಟು, ಅನುಮತಿಯಿಲ್ಲದೆ ಪಾಠ ಮಾಡಕೂಡದೆಂದು ಆಜ್ಞೆ ಹೊರಡಿಸಿತು. ಆ ಹೊತ್ತಿಗೆ ಕಿ ಹಜರ್ ದೇವಂತರ ಎಂದು ಹೆಸರು ಬದಲಿಸಿಕೊಂಡಿದ್ದ ಆತ ಒಪ್ಪಲಿಲ್ಲ. ಪಕ್ಷಭೇದ ಮರೆತು ದೇಶವೇ ಬೆನ್ನಿಗೆ ನಿಂತಿತು. 1933ರಲ್ಲಿ ಆಜ್ಞೆಯನ್ನು ತಡೆಹಿಡಿಯಲಾಯಿತು. ಬುಪಾತಿಗಳಲ್ಲಿ ಹೆಚ್ಚಿನವರು ಆಗಲೂ ಡಚ್ಚರ ಸೇವೆಯಲ್ಲೇ ಇದ್ದರು.