ಅಲ್ಪಬೆಲೆಯ ಪರಿಗ್ರಹ: ಅಡಿಗೆಮನೆಗೊಂದು ಟಿ.ವಿ.

ಹೊಲವನ್ನೋ ಮನೆಯನ್ನೋ ಬಂಗಾರವನ್ನೋ ಕೊಳ್ಳುವಾಗ ಗೃಹಸ್ಥನು ವಿಚಾರ ಮಾಡುತ್ತಾನೆ. ಹಿರಿಯರನ್ನು ಕೇಳುತ್ತಾನೆ, ಹೆಂಡತಿಯೊಡನೆ ಕುಳಿತು ಲೆಕ್ಕ ಹಾಕುತ್ತಾನೆ, ಒಂದೆರಡು ರಾತ್ರಿ ನಿದ್ದೆಗೆಡುತ್ತಾನೆ. ಬೆಲೆ ದೊಡ್ಡದಾಗಿರುವುದೇ ಅವನನ್ನು ತಡೆದು ನಿಲ್ಲಿಸಿ, 'ಇದು ಬೇಕೇ?' ಎಂದು ಕೇಳುತ್ತದೆ. ಅಡಿಗೆಮನೆಯ ಕಟ್ಟೆಯ ಮೇಲಿಡಲು, ಇಲ್ಲವೆ ಕಾರಿನ ಹಿಂದಿನ ಆಸನದಲ್ಲಿ ಕೂರುವ ಮಕ್ಕಳಿಗೆಂದು, ಒಂದು ಸಣ್ಣ ಅಗ್ಗದ ಟಿ.ವಿ.ಯನ್ನು ಕೊಳ್ಳುವಾಗ ಹಾಗೆ ತಡೆಯುವವರು ಯಾರೂ ಇಲ್ಲ. ತರಕಾರಿ ತರಲು ಹೋದವನು ದಾರಿಯಲ್ಲಿ ಅದನ್ನೂ ತಂದುಬಿಡಬಹುದು. ಕೇಳಿದವರಿಗೆ ಉತ್ತರ ಸಿದ್ಧವಾಗಿರುತ್ತದೆ: 'ಎಷ್ಟು ಮಹಾ ಬೆಲೆ!' ಬೆಲೆಯ ಉತ್ತರ ಬಂದೊಡನೆ ಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ.

ಪರಿಗ್ರಹಪರಿಮಾಣವೆಂಬ ಅಣುವ್ರತವನ್ನು ಹೇಳುವಾಗ ಪ್ರಾಚೀನರು ಹೊಲಮನೆ, ಬೆಳ್ಳಿಬಂಗಾರ, ದನಕರು, ಕಾಳುಕಡಿ, ಆಳುಕಾಳುಗಳನ್ನು ಹೆಸರಿಸಿ ಕೊನೆಯಲ್ಲಿ 'ಕುಪ್ಯ'ವನ್ನೂ ಸೇರಿಸಿದ್ದಾರೆ. ಬಟ್ಟೆಬರೆ, ಮನೆಯ ಸಾಮಾನು ಮುಂತಾದ ಚಿಲ್ಲರೆ ವಸ್ತುಗಳೆಲ್ಲ ಆ ಮಾತಿನಲ್ಲಿ ಅಡಗುತ್ತವೆ. ವ್ರತ ಹಿಡಿದವನಿಗೂ ಹೊಲ ಎಷ್ಟು ಎಕರೆ, ಬಂಗಾರ ಎಷ್ಟು ತೊಲ ಎಂಬುದು ನೆನಪಿರುತ್ತದೆ. ಕುಪ್ಯದ ಲೆಕ್ಕ ಕೇಳಿದರೆ ಅವನು ತಬ್ಬಿಬ್ಬಾಗುತ್ತಾನೆ. ಪರಿಮಾಣದ ಗೆರೆ ದಾಟುವುದು ಹೆಚ್ಚಾಗಿ ಈ ಕಡೆಯ ಬಾಗಿಲಿನಿಂದಲೇ.

ಸಣ್ಣ ಟಿ.ವಿ.ಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಜಪಾನಿನ ಸೋನಿ ಸಂಸ್ಥೆ 1960ರಲ್ಲಿ 8 ಅಂಗುಲದ ಟ್ರಾನ್ಸಿಸ್ಟರ್ ಟಿ.ವಿ.ಯನ್ನು ಮಾರುಕಟ್ಟೆಗೆ ತಂದಿತು. ಅದು ಶ್ರೀಮಂತರ ಬೆಡಗಿನ ವಸ್ತು. 1977ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಸಂಸ್ಥೆಯಿಂದ 2 ಅಂಗುಲ ಪರದೆಯ ಕೈಟಿ.ವಿ. ಬಂದಿತು, ಮರುವರ್ಷವೇ ಅದರ ಇನ್ನೊಂದು ಮಾದರಿ 100 ಪೌಂಡಿಗಿಂತ ಕಡಿಮೆಗೆ ದೊರೆಯಿತು, 1983ರ ಹೊಸ ಮಾದರಿ 80 ಪೌಂಡಿಗೆ ಇಳಿಯಿತು. ಅದಕ್ಕೂ ಒಂದು ವರ್ಷ ಮೊದಲೇ ಸೋನಿಯ 'ವಾಚ್‌ಮನ್' ಹುಟ್ಟಿತ್ತು. ಹೀಗೆ ಕಾಲು ಶತಮಾನದೊಳಗೆ, ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುತ್ತಿದ್ದ ಪೆಟ್ಟಿಗೆ ಒಬ್ಬನ ಅಂಗೈಯಲ್ಲಿ ಕೂರುವಂತಾಯಿತು. ಭಾರತದಲ್ಲಿ ಈ ನಡೆ ಬೇರೆ ರೀತಿಯದು. 1982ರಲ್ಲಿ ಬಣ್ಣದ ಪ್ರಸಾರ ಆರಂಭವಾದ ಮೇಲೆ ಪಡಸಾಲೆಗೆ ಬಣ್ಣದ ಟಿ.ವಿ. ಬಂದಿತು, ಅನೇಕ ಮನೆಗಳಲ್ಲಿ ಹಳೆಯ ಕಪ್ಪುಬಿಳುಪಿನ 'ಪೋರ್ಟಬಲ್' ಒಳಮನೆಗೆ ಸರಿಯಿತು. ಎರಡನೆಯ ಟಿ.ವಿ.ಯನ್ನು ಯಾರೂ ಬೇಕೆಂದು ಕೊಳ್ಳಲಿಲ್ಲ, ಅದು ಉಳಿಯಿತು. ಉಳಿದದ್ದು ರೂಢಿಯಾಯಿತು, ರೂಢಿಯಾದದ್ದು ಆಮೇಲೆ ಅಗತ್ಯವೆನಿಸಿತು.

ಅಗ್ಗದ ವಸ್ತುವಿನ ಪೂರ್ಣ ಬೆಲೆಯನ್ನು ಕೊಂಡವನೇ ತೆರುವುದಿಲ್ಲ ಎಂಬುದಕ್ಕೂ ಈ ಸಣ್ಣ ಪೆಟ್ಟಿಗೆಯೇ ಸಾಕ್ಷಿ. ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಕೇಂದ್ರಗಳ ಹಳೆಯ ಅನಲಾಗ್ ಪ್ರಸಾರ ನಿಂತಿತು. ಜಪಾನಿನ ಬಹುಭಾಗದಲ್ಲಿ 2011ರ ಜುಲೈ 24ರಂದು. ಭಾರತದ ದೂರದರ್ಶನವು ತನ್ನ ಅನಲಾಗ್ ಪ್ರೇಷಕಗಳಲ್ಲಿ ಬಹುಪಾಲನ್ನು 2022ರ ವೇಳೆಗೆ ಮುಚ್ಚಿತು. ಕೆಡದೆ, ಮುರಿಯದೆ ಇದ್ದ ಅಸಂಖ್ಯ ಸಣ್ಣ ಟಿ.ವಿ.ಗಳು ಹಿಡಿಯಲು ಯಾವ ತರಂಗವೂ ಇಲ್ಲದೆ ಮೂಕವಾದವು. ಹಳೆಯ ಮಾದರಿಗಳ ಚಿತ್ರನಳಿಗೆಯ ಗಾಜಿನಲ್ಲಿ ಸೀಸವಿರುತ್ತದೆ. ಅಟ್ಟಕ್ಕೇರಿದ ಪೆಟ್ಟಿಗೆ ಎಂದೋ ಒಂದು ದಿನ ಗುಜರಿಯವನ ಕೈ ಸೇರಿ, ಯಾವುದೋ ಓಣಿಯಲ್ಲಿ ಕೈಗವಸಿಲ್ಲದ ಹುಡುಗನೊಬ್ಬ ಅದನ್ನು ಒಡೆದರೆ, ಆ ಸೀಸ ಮಣ್ಣಿಗೂ ನೀರಿಗೂ ಇಳಿಯುತ್ತದೆ. ಇಂಥ ತ್ಯಾಜ್ಯದ ವಿಲೇವಾರಿಗೆಂದು ಭಾರತದಲ್ಲಿ 2012ರ ಮೇ ತಿಂಗಳಿನಿಂದ ನಿಯಮಗಳು ಜಾರಿಯಲ್ಲಿವೆ. ಪೃಥ್ವೀಕಾಯ, ಜಲಕಾಯ ಜೀವಗಳ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವರಿಗೆ ಸರಕಾರದ ನಿಯಮ ಬರುವವರೆಗೆ ಕಾಯುವ ಅಗತ್ಯವಿರಲಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವ ಭಾಗವಿದೆ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸಬಹುದಾದುದು ಉಪಭೋಗ. ಮಿತಿ ಹಾಕಿಕೊಳ್ಳಬೇಕಾದ ವಿಷಯಗಳನ್ನು ಎಣಿಸುವಾಗ ಆಚಾರ್ಯರು ಊಟವನ್ನೂ ವಾಹನವನ್ನೂ ಸಂಗೀತವನ್ನೂ ಒಂದೇ ಸಾಲಿನಲ್ಲಿ ತಂದಿರುವುದು ಕುತೂಹಲಕರ. ಅಡಿಗೆಮನೆ, ಕಾರು, ಮನರಂಜನೆ ಮೂರೂ ಅಲ್ಲಿವೆ. ಮೂರನ್ನೂ ಒಂದೇ ಕಡೆ ಒಂದೇ ಹೊತ್ತಿನಲ್ಲಿ ಸವಿಯುವ ಉಪಾಯ ಮಾತ್ರ ಆಗ ಇರಲಿಲ್ಲ. ಇವನ್ನೆಲ್ಲ ಶಾಶ್ವತವಾಗಿ ಬಿಡಬೇಕೆಂದು ಆಚಾರ್ಯರು ಪಟ್ಟು ಹಿಡಿಯುವುದಿಲ್ಲ ಎಂಬುದೂ ಗಮನಾರ್ಹ. ಜೀವಾವಧಿಯ ತ್ಯಾಗ ಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಋತುವಿನವರೆಗೆ ಬಿಡುವುದು ನಿಯಮ. ಗೃಹಸ್ಥನ ಶಕ್ತಿಯನ್ನು ಬಲ್ಲವರ ಮಾತು ಇದು.

ಕಾರಿನ ವಿಷಯ ಸರಳ. ಚಾಲಕನ ಕಣ್ಣಿಗೆ ಬೀಳುವಂತೆ ಟಿ.ವಿ. ಇಡುವುದನ್ನು ಬ್ರಿಟನ್ನಿನಲ್ಲಿ 1986ರ ವಾಹನ ನಿಯಮಗಳೇ ನಿಷೇಧಿಸಿವೆ. ಪ್ರಮಾದದಿಂದ ನಡೆಯುವ ಹಿಂಸೆಯನ್ನು ಅರಿತವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಆಸನದ ಮಕ್ಕಳಿಗಾಗಿ ಎಂಬ ವಾದ ಉಳಿಯುತ್ತದೆ. ಮೂಡಬಿದಿರೆಯಿಂದ ಶ್ರವಣಬೆಳಗೊಳಕ್ಕೆ ಹೊರಟ ಕುಟುಂಬ ಘಟ್ಟ ಹತ್ತುವಾಗ ಮಗು ಹತ್ತು ಸಲ 'ಇನ್ನೆಷ್ಟು ದೂರ?' ಎಂದು ಕೇಳುತ್ತದೆ. ಪರದೆ ಮುಂದಿದ್ದರೆ ಕೇಳುವುದಿಲ್ಲ, ನಿಜ. ಘಟ್ಟದ ಕಾಡನ್ನೂ ನೋಡುವುದಿಲ್ಲ. (ತಿರುವುಗಳಲ್ಲಿ ಪರದೆಯನ್ನೇ ನೋಡುತ್ತ ಕುಳಿತ ಮಗುವಿಗೆ ವಾಂತಿ ಬೇಗ ಬರುತ್ತದೆ, ತಾಯಂದಿರಿಗೆ ಇದು ಶಾಸ್ತ್ರಕ್ಕಿಂತ ಬಲವಾದ ಪ್ರಮಾಣ.) ದೂರದಿಂದ ಬೆಟ್ಟದ ಮೇಲಿನ ಮೂರ್ತಿಯನ್ನು ಮೊದಲು ಕಂಡವರು ಯಾರು ಎಂದು ಮಕ್ಕಳು ಜಗಳವಾಡುವುದು ಯಾತ್ರೆಯ ಒಂದು ಭಾಗವೇ ಆಗಿದೆ.

ಅಡಿಗೆಮನೆಯ ವಿಷಯ ಹಾಗಲ್ಲ. ಅಲ್ಲಿ ತ್ಯಾಗದ ಉಪದೇಶ ಮಾಡುವವರು ಯಾರು, ತ್ಯಾಗ ಮಾಡಬೇಕಾದವರು ಯಾರು ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಧಾರವಾಡದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸಂಜೆ ಏಳೂವರೆ. ಪಡಸಾಲೆಯಲ್ಲಿ ದೊಡ್ಡ ಟಿ.ವಿ.ಯ ಮುಂದೆ ಯಜಮಾನರು, ಅವರ ತಂದೆ, ಮಕ್ಕಳು. ಒಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಧಾರಾವಾಹಿಯ ಧ್ವನಿ ಅವಳಿಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ. ಜಾಹೀರಾತು ಬಂದಾಗ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು 'ಏನಾತು?' ಎಂದು ಕೇಳುತ್ತಾಳೆ. ಯಾರೋ ಅರ್ಧ ವಾಕ್ಯದಲ್ಲಿ ಹೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಗನಿಗೆ ಇದು ಮನಸ್ಸಿಗೆ ತಟ್ಟುತ್ತದೆ.

'ಅವ್ವಾ, ಒಳಗ ನಿನಗೊಂದು ಸಣ್ಣ ಟಿ.ವಿ. ತರ್ತೀನಿ. ಭಾಳ ರೊಕ್ಕದ್ದೇನಲ್ಲ.'

'ನನಗ್ಯಾಕೋ ಅದು?' ಎನ್ನುತ್ತಾಳೆ ಅವಳು. ಮುಖದಲ್ಲಿ ಮಾತ್ರ ಸಂತೋಷ ಅಡಗುವುದಿಲ್ಲ.

ಆಗ ಪಡಸಾಲೆಯಿಂದ ಹಿರಿಯರೊಬ್ಬರು, ಮನೆಗೆ ಎರಡು ಟಿ.ವಿ. ಏಕೆ, ಪರಿಗ್ರಹ ಹೆಚ್ಚಿದಂತಾಗುವುದಿಲ್ಲವೇ ಎಂದರೆ ಮಾತು ಶಾಸ್ತ್ರಸಮ್ಮತವಾಗಿಯೇ ಇರುತ್ತದೆ. ಆದರೆ ಆ ಮಾತು ಮೊದಲನೆಯ ಟಿ.ವಿ.ಯ ಎದುರಿನ ಕುರ್ಚಿಯಿಂದ ಬಂದಿದೆ. ಭೋಗವೆಲ್ಲ ಒಂದು ಕಡೆಗೂ ಪರಿಮಾಣವೆಲ್ಲ ಇನ್ನೊಂದು ಕಡೆಗೂ ಬಿದ್ದರೆ ಅದನ್ನು ವ್ರತವೆನ್ನಲಾಗದು. ವ್ರತವನ್ನು ತಾನೇ ಹಿಡಿಯಬೇಕು. ಮತ್ತೊಬ್ಬರ ಮೇಲೆ ಹೊರಿಸಿದ ಮಿತಿಯಿಂದ ಹೊರಿಸಿದವನಿಗೆ ಯಾವ ನಿರ್ಜರೆಯೂ ಆಗುವುದಿಲ್ಲ. ಇಷ್ಟರ ಮಟ್ಟಿಗೆ ಮಗನ ಪಕ್ಷವೇ ಧರ್ಮಕ್ಕೆ ಹತ್ತಿರವಾದುದು.

ಹಾಗಿದ್ದರೂ ಮಗನ ಉಡುಗೊರೆಯನ್ನು ಇನ್ನೊಂದು ಬದಿಯಿಂದ ನೋಡಬೇಕಾಗುತ್ತದೆ. ತಾಯಿ ಹಿಟ್ಟಿನ ಕೈಯಲ್ಲಿ ಬಾಗಿಲಲ್ಲಿ ನಿಂತಾಗ ಪಡಸಾಲೆಯಲ್ಲಿ ಕುಳಿತವರಿಗೆ ಸ್ವಲ್ಪ ಸಂಕೋಚವಾಗುತ್ತಿತ್ತು. ಅವಳು ನಿಂತಿದ್ದಾಳೆ, ತಾವು ಕುಳಿತಿದ್ದೇವೆ. ಅವಳ ಕೆಲಸ ಮುಗಿದಿಲ್ಲ, ತಮಗೆ ಕೆಲಸವೇ ಇಲ್ಲ. ಆ ಸಂಕೋಚ ಎಂದಾದರೂ ಒಂದು ದಿನ ಯಾರನ್ನಾದರೂ ಎಬ್ಬಿಸಬಹುದಿತ್ತು. ಮಗನೇ ಎದ್ದು ಪಲ್ಯ ಹೆಚ್ಚಿಕೊಡಬಹುದಿತ್ತು. ರೊಟ್ಟಿಯ ಹೊತ್ತನ್ನು ಹಿಂದಕ್ಕೆ ಸರಿಸಿ ಎಲ್ಲರೂ ಒಟ್ಟಿಗೆ ಕೂರಬಹುದಿತ್ತು. ಅಡಿಗೆಮನೆಗೆ ಟಿ.ವಿ. ಬಂದ ದಿನದಿಂದ ತಾಯಿ ಬಾಗಿಲಿಗೆ ಬರುವುದಿಲ್ಲ. ಅವಳು ಒಲೆಯ ಮುಂದೆ ಒಬ್ಬಳೇ ಇರುವುದು ಈಗ ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. 'ಅವಳಿಗೂ ಒಂದಿದೆಯಲ್ಲ' ಎಂಬ ಸಮಾಧಾನ ಕೆಲವೇ ಸಾವಿರ ರೂಪಾಯಿಗೆ ದೊರೆತಿದೆ. ಮಗನು ಕೊಂಡದ್ದು ತಾಯಿಯ ಸಂತೋಷವೋ, ತನ್ನ ಸಂಕೋಚದಿಂದ ಬಿಡುಗಡೆಯೋ? ಎರಡೂ ಇರಬಹುದು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಗಳಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಅಡಿಗೆಮನೆಯಲ್ಲಿ ಮೊದಲೂ ಯಂತ್ರದ ಧ್ವನಿ ಇತ್ತಲ್ಲ ಎಂಬ ಆಕ್ಷೇಪವೂ ಸಲ್ಲತಕ್ಕದ್ದೇ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. 1950ರಲ್ಲಿ ಧಾರವಾಡ ಕೇಂದ್ರ ಬಂದಿತು. ಅಂದಿನಿಂದ ರೇಡಿಯೋ ಎಷ್ಟೋ ಅಡಿಗೆಮನೆಗಳ ಗೂಡಿನಲ್ಲಿ ಕುಳಿತಿತು. ಆದರೆ ರೇಡಿಯೋ ಕೇಳುವುದು ಕಿವಿಯನ್ನು ಮಾತ್ರ. ಕಣ್ಣು ಕೈಗಳು ಕೆಲಸದ ಮೇಲೆಯೇ ಇರುತ್ತವೆ. ಟಿ.ವಿ.ಗೆ ಕಣ್ಣು ಬೇಕು. ಇದನ್ನು ಸಣ್ಣ ವ್ಯತ್ಯಾಸವೆಂದು ಭಾವಿಸುವವರು ಜೈನ ಗೃಹಿಣಿಯ ಕಣ್ಣು ಅಡಿಗೆಮನೆಯಲ್ಲಿ ಏನೇನು ಮಾಡುತ್ತದೆ ಎಂಬುದನ್ನು ಗಮನಿಸಿಲ್ಲ. ನೀರನ್ನು ಗಾಳಿಸುವಾಗ, ಮರದಲ್ಲಿ ಕಾಳು ಹಸನು ಮಾಡುವಾಗ, ಸೊಪ್ಪಿನ ಎಲೆ ಮಗುಚುವಾಗ, ಒಲೆ ಹೊತ್ತಿಸುವ ಮುನ್ನ ಸುತ್ತ ನೋಡುವಾಗ ಆ ಕಣ್ಣು ಜೀವವನ್ನು ಹುಡುಕುತ್ತಿರುತ್ತದೆ. ಯತ್ನಾಚಾರವೆಂದು ಗ್ರಂಥಗಳು ಕರೆಯುವುದು ದಿನಕ್ಕೆ ಎರಡು ಹೊತ್ತು ನಡೆಯುವ ಈ ನೋಟವನ್ನೇ. ಅಹಿಂಸೆಯ ಬಹುಪಾಲು ಕೆಲಸ ಸಭೆಗಳಲ್ಲಿ ನಡೆಯದೆ ಈ ಮರದ ಮೇಲೆ ನಡೆದುಬಂದಿದೆ; ಅದನ್ನು ಮಾಡಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅಂಥ ನೋಟವನ್ನು ಅರ್ಧ ಪರದೆಗೆ, ಅರ್ಧ ಕಾಳಿಗೆ ಹಂಚಿದರೆ ನಷ್ಟ ಯಾರದೆಂದು ಹೇಳಬೇಕಿಲ್ಲ. ಟಿ.ವಿ.ಯ ಜಾಗದಲ್ಲಿ ಈಗ ಅನೇಕ ಮನೆಗಳಲ್ಲಿ ಉಪ್ಪಿನಕಾಯಿ ಭರಣಿಗೆ ಒರಗಿಸಿದ ಮೊಬೈಲು ನಿಂತಿದೆ. ಅದು ಕಣ್ಣಿಗೆ ಇನ್ನೂ ಹತ್ತಿರ, ಇನ್ನೂ ಅಗ್ಗ. ಅದನ್ನು ಬೇರೆಯಾಗಿ ಕೊಳ್ಳಬೇಕಾಗಿಯೂ ಇಲ್ಲ.

ಇನ್ನೊಂದು ಸಂಗತಿಯೂ ಇದೆ. ಮನೆಮಂದಿ ಕೂಡಿ ನೋಡುವ ಧಾರಾವಾಹಿಗಳು ಹೆಚ್ಚಾಗಿ ದೀಪ ಹಚ್ಚಿದ ಮೇಲಿನವು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವ ಮನೆಯಲ್ಲಿ ಆ ಹೊತ್ತಿಗೆ ಪಾತ್ರೆ ತೊಳೆದು, ಕಟ್ಟೆ ಒರೆಸಿ, ಅಡಿಗೆಮನೆಯ ಬಾಗಿಲು ಮುಚ್ಚಿರುತ್ತದೆ. ತಾಯಿಯೂ ಪಡಸಾಲೆಯಲ್ಲಿ ಎಲ್ಲರ ಜೊತೆ ಕುಳಿತಿರುತ್ತಾಳೆ. ರಾತ್ರಿಭೋಜನ ತ್ಯಾಗವನ್ನು ಸೂಕ್ಷ್ಮಜೀವಿಗಳ ರಕ್ಷಣೆಗೆಂದು ವಿವರಿಸುವುದು ವಾಡಿಕೆ, ಅದು ಸರಿಯಾದುದೇ. ಅಡಿಗೆ ಮಾಡುವವಳ ಸಂಜೆಯನ್ನೂ ಅದು ರಕ್ಷಿಸುತ್ತಿತ್ತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳಿಲ್ಲ. ಇಂದು ಕಚೇರಿ, ಅಂಗಡಿ, ಪ್ರಯಾಣಗಳ ಕಾರಣದಿಂದ ಎಲ್ಲ ಮನೆಗಳಲ್ಲೂ ಆ ನಿಯಮ ನಡೆಯುತ್ತಿಲ್ಲ. ಏಳೂವರೆಗೆ ರೊಟ್ಟಿ ಬಡಿಯುವ ಮನೆಗೆ ಎರಡನೆಯ ಟಿ.ವಿ. ಬೇಕೆನಿಸುವುದು, ಒಲೆ ಆರುವ ಹೊತ್ತು ಮುಂದಕ್ಕೆ ಹೋದುದರ ಫಲ. ವಾರದಲ್ಲಿ ಎರಡು ದಿನವಾದರೂ, ಒಂದು ಪಕ್ಷದ ಮಟ್ಟಿಗಾದರೂ ಆ ಹೊತ್ತನ್ನು ಹಿಂದಕ್ಕೆ ತರುವ ನಿಯಮವನ್ನು ಪಡಸಾಲೆಯವರು ಹಿಡಿದು, ಅದಕ್ಕೆ ಬೇಕಾದ ಕೆಲಸದಲ್ಲಿ ಕೈಹಾಕಿದರೆ, ಟಿ.ವಿ. ಕೊಳ್ಳುವ ಮಾತು ತಾನಾಗಿ ಬದಲಾಗಬಹುದು. ಮಗನ ಸಂಬಳಕ್ಕೆ ಅದು ಹಗುರ. ಮೈಗೆ ಮಾತ್ರ ಸ್ವಲ್ಪ ಭಾರ.

ಇಷ್ಟೆಲ್ಲ ಹೇಳಿದ ಮೇಲೂ ಈ ವಿಚಾರ ತಲುಪದ ಮನೆಗಳುಂಟು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಹಳ್ಳಿಯ ದೊಡ್ಡ ಮನೆಯಲ್ಲಿ ಒಬ್ಬಳೇ ಉಳಿದ ಮುದುಕಿಗೆ ಪಡಸಾಲೆ ಎಂಬುದು ಗುಡಿಸಿ ಬಾಗಿಲು ಹಾಕುವ ಜಾಗ ಮಾತ್ರ. ಅವಳ ಬದುಕೆಲ್ಲ ಅಡಿಗೆಮನೆ ಮತ್ತು ಅದಕ್ಕೆ ಹೊಂದಿದ ಕೋಣೆಯಲ್ಲಿ. ಕಟ್ಟೆಯ ಮೇಲಿನ ಸಣ್ಣ ಟಿ.ವಿ. ಆ ಮನೆಯಲ್ಲಿ ಅವಳದಲ್ಲದ ಒಂದೇ ಧ್ವನಿ. ಅವಳು ಅದನ್ನು ಎಷ್ಟೋ ವೇಳೆ ನೋಡುವುದೂ ಇಲ್ಲ. ಹಚ್ಚಿಟ್ಟು, ಬೆನ್ನು ಹಾಕಿ ಕುಳಿತು, ಕಾಳು ಹಸನು ಮಾಡುತ್ತಾಳೆ. ಹೊತ್ತು ಮುಳುಗುವ ಮೊದಲು ಒಂದು ಹಿಡಿ ಉಂಡು, ಟಿ.ವಿ. ಆರಿಸಿ, ಜಪಮಾಲೆ ಹಿಡಿಯುತ್ತಾಳೆ. ಅವಳ ಪರಿಗ್ರಹಕ್ಕೆ ಪರಿಮಾಣ ಹೇಳಲು ಹೊರಡುವವರು ಮೊದಲು ಅವಳ ಮನೆಗೆ ಹೋಗಿ, ಒಂದು ಸಂಜೆ ಅವಳೊಡನೆ ಕುಳಿತು ಬರಬಹುದು.