ಮೂಲ ಹುಡುಕಬೇಕಾದ ಜಾಗ

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ಹುಟ್ಟಿನಿಂದ ತಪಸ್ಸಿಗೆ ಬೆಲೆ ಕಟ್ಟಬಾರದೆಂಬ ವಿವೇಕ ಅದರಲ್ಲಿದೆ. ಆದರೆ ಲೋಕಕ್ಕೆ ಧರ್ಮ ಹೇಳಲು ಹೊರಟ ರಾಜ್ಯಗಳಿಗೂ ಈ ರಿಯಾಯಿತಿ ಸಲ್ಲುತ್ತದೆಯೇ? ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ಹಾಳೆಯಿದೆ. 1944ರ ಅಕ್ಟೋಬರ್ 9ರ ರಾತ್ರಿ ಮಾಸ್ಕೋದಲ್ಲಿ ಚರ್ಚಿಲ್ ಅದರ ಮೇಲೆ ರುಮೇನಿಯದಲ್ಲಿ ರಷ್ಯಕ್ಕೆ ಶೇ. 90 ಪ್ರಭಾವ, ಗ್ರೀಸಿನಲ್ಲಿ ಬ್ರಿಟನ್ನಿಗೆ ಶೇ. 90, ಯುಗೊಸ್ಲಾವಿಯದಲ್ಲಿ ಅರ್ಧರ್ಧ ಎಂದು ಬರೆದು ಸ್ಟಾಲಿನ್ ಮುಂದೆ ತಳ್ಳಿದರು. ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದರು. ಇದಕ್ಕೆ ಎರಡೇ ದಿನ ಮೊದಲು, ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್‌ನಲ್ಲಿ, ಶಾಂತಿಪ್ರಿಯ ರಾಷ್ಟ್ರಗಳೆಲ್ಲ ಸಾರ್ವಭೌಮತ್ವದಲ್ಲಿ ಸಮಾನವೆಂಬ ತತ್ತ್ವದ ಮೇಲೆ ವಿಶ್ವಸಂಸ್ಥೆಯ ಕರಡು ಸಿದ್ಧವಾಗಿತ್ತು. ಸಮಾನತೆಯ ಕರಡನ್ನು ಒಪ್ಪಿದ ಸರಕಾರಗಳೇ ಪರರ ದೇಶಗಳನ್ನು ಶೇಕಡಾ ಲೆಕ್ಕದಲ್ಲಿ ಹಂಚಿಕೊಂಡವು.

ಇದನ್ನು ಓದಿದವರು ವಿಶ್ವಸಂಸ್ಥೆಯ ಸನ್ನದೆಲ್ಲ ಯುದ್ಧ ಗೆದ್ದವರ ಬೂಟಾಟಿಕೆ ಎಂಬ ತೀರ್ಮಾನಕ್ಕೆ ಬರುವುದು ಸಹಜ. ನಾನು ಅದನ್ನು ಒಪ್ಪಲಾರೆ. ಆ ಸನ್ನದಿನ ಪೀಠಿಕೆಗೆ ಮೊದಲ ರೂಪ ಕೊಟ್ಟವರಲ್ಲಿ ಪ್ರಮುಖರು ದಕ್ಷಿಣ ಆಫ್ರಿಕದ ಪ್ರಧಾನಿ ಯಾನ್ ಸ್ಮಟ್ಸ್. ವರ್ಣಭೇದದ ಆಡಳಿತ ನಡೆಸುತ್ತಿದ್ದವರು ಅವರು. ಮೂಲಭೂತ ಮಾನವ ಹಕ್ಕುಗಳ ಮಾತು ಆ ಕೈಯಿಂದಲೇ ಬಂತು. 1946ರಲ್ಲಿ ಅವರ ಸರಕಾರ ಅಲ್ಲಿನ ಭಾರತೀಯರ ಭೂಮಿಯ ಹಕ್ಕನ್ನು ಮೊಟಕುಗೊಳಿಸುವ ಕಾನೂನು ತಂದಿತು. ಭಾರತ ಆಗ ಇನ್ನೂ ಸ್ವತಂತ್ರವಾಗಿರಲಿಲ್ಲ. ಹಿಂದಿನ ವರ್ಷ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದ್ದವರಲ್ಲಿ, ಮುಂದೆ ಮೈಸೂರಿನ ದಿವಾನರಾದ ಎ. ರಾಮಸ್ವಾಮಿ ಮೊದಲಿಯಾರರೂ ಒಬ್ಬರು. ಅವರನ್ನು ಕಳಿಸಿದ್ದು ಬ್ರಿಟಿಷ್ ಆಡಳಿತ. ಅಂಥ ಭಾರತವೇ ಈ ಕಾನೂನಿನ ವಿರುದ್ಧ ವಿಶ್ವಸಂಸ್ಥೆಯ ಮಹಾಸಭೆಗೆ ದೂರು ಒಯ್ಯಿತು. ಭಾರತದ ಪರವಾಗಿ ವಿಜಯಲಕ್ಷ್ಮಿ ಪಂಡಿತ್ ವಾದಿಸಿದರು. ಇದು ನಮ್ಮ ಮನೆಯ ವಿಚಾರ, ಹೊರಗಿನವರು ತಲೆಹಾಕುವಂತಿಲ್ಲ ಎಂದು ಸ್ಮಟ್ಸ್ ಸನ್ನದಿನದೇ ಇನ್ನೊಂದು ವಿಧಿಯನ್ನು ಮುಂದಿಟ್ಟರು. ಡಿಸೆಂಬರ್ 8ರಂದು 32 ಮತಗಳು ಭಾರತದ ಪರ, 15 ವಿರುದ್ಧ. ಮಾತು ಆಡಿದವನ ಮನಸ್ಸಿನಲ್ಲಿ ಇಲ್ಲದ ಅರ್ಥವನ್ನು, ಅದನ್ನು ನಂಬಿದವರು ಅವನ ಎದುರೇ ದಕ್ಕಿಸಿಕೊಂಡರು. ವ್ರತಕ್ಕೆ ಬಲ ಬರುವುದು ಅದನ್ನು ಹಿಡಿದವರಿಂದ ಎಂದು ನಾನು ನಂಬುವುದು ಇಂಥ ಸಾಕ್ಷ್ಯದ ಮೇಲೆ.

ಹಾಗಿದ್ದರೆ ಮೂಲ ಕೆದಕುವುದೇಕೆ, ಈಗಿನ ಉಪಯೋಗ ನೋಡಿದರೆ ಸಾಲದೆ ಎಂದು ತರ್ಕ ಬಲ್ಲವರು ಕೇಳಬಹುದು. ಹುಟ್ಟಿನ ದೋಷದಿಂದ ಸತ್ಯ ಸುಳ್ಳಾಗದು, ನಿಜ. ಆದರೆ ಸಂಸ್ಥೆಯೆಂದರೆ ಬರೀ ತತ್ತ್ವವಲ್ಲ. ಅದರ ಹುಟ್ಟು ಅದರ ಕಟ್ಟಡದಲ್ಲೇ ಉಳಿದಿರುತ್ತದೆ. ವಿಶ್ವಸಂಸ್ಥೆಯಲ್ಲಿ ಐದು ರಾಷ್ಟ್ರಗಳಿಗೆ ವಿಟೊ, ಅಂದರೆ ನಿರ್ಣಯ ತಡೆಯುವ, ಅಧಿಕಾರ ಸಿಕ್ಕಿದ್ದು ನ್ಯಾಯದ ವಿಚಾರಣೆಯಿಂದಲ್ಲ, 1944–45ರ ಬಲಾಬಲದ ಚೌಕಾಸಿಯಿಂದ. ಆ ಮಾತುಕತೆಯ ಕಡತಗಳನ್ನು ಓದದವರಿಗೆ ವಿಟೊ ಪ್ರಕೃತಿನಿಯಮದಂತೆ ಕಾಣುತ್ತದೆ. ಓದಿದವರಿಗೆ ಅದು ಮನುಷ್ಯರು ಮಾಡಿದ, ಮನುಷ್ಯರೇ ಬದಲಿಸಬಹುದಾದ ಏರ್ಪಾಡು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಕಡತಗಳ ಬೀಗದ ಕೈ ಇರುವುದು ಸರಕಾರದ ಬಳಿಯೇ. ಏನನ್ನು ಉಳಿಸಬೇಕು, ಯಾವಾಗ ತೋರಿಸಬೇಕು ಎಂದು ಆರೋಪಿಯೇ ನಿರ್ಧರಿಸುವಾಗ ಆ ಸಾಕ್ಷ್ಯವನ್ನು ನಂಬುವುದು ಹೇಗೆ? ಇದನ್ನು ತಳ್ಳಿಹಾಕಲಾಗದು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ 1948ರಲ್ಲಿ ಮತ ಹಾಕಿದ ಬ್ರಿಟನ್, 1950ರ ದಶಕದಲ್ಲಿ ತನ್ನ ವಸಾಹತು ಕೀನ್ಯದ ಬಂಧನ ಶಿಬಿರಗಳಲ್ಲಿ ಚಿತ್ರಹಿಂಸೆ ನಡೆಸಿತು. ವಸಾಹತುಗಳನ್ನು ಬಿಡುವಾಗ ಎಷ್ಟೋ ಕಾಗದಗಳನ್ನು ಸುಟ್ಟಿತು, ಎಷ್ಟನ್ನೋ ಹ್ಯಾನ್‌ಸ್ಲೋಪ್ ಪಾರ್ಕ್ ಎಂಬ ತನ್ನ ಸರಕಾರಿ ಆವರಣದಲ್ಲಿ ಬಚ್ಚಿಟ್ಟಿತು. ಆದರೂ ಸುಡದೆ ಉಳಿದದ್ದು ಇತ್ತು. ಹಿಂಸೆಗೊಳಗಾಗಿ ಬದುಕುಳಿದ ಕೀನ್ಯದ ವೃದ್ಧರು ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದ ಮೇಲೆ, 2011ರಲ್ಲಿ 37 ವಸಾಹತುಗಳ ಸುಮಾರು 8,800 ಕಡತಗಳಿರುವುದನ್ನು ಸರಕಾರ ಒಪ್ಪಿಕೊಳ್ಳಬೇಕಾಯಿತು. 2013ರಲ್ಲಿ ವಿಷಾದ ವ್ಯಕ್ತಪಡಿಸಿ 5,228 ಮಂದಿಗೆ ಪರಿಹಾರ ಕೊಡಲು ಒಪ್ಪಿತು.