ಬಾಗಿಲ ಹಿಂದಿನ ಬಂದೂಕು

ಮನೆಯ ರಕ್ಷಣೆಗೆ ಬಂದೂಕು ಇಟ್ಟುಕೊಳ್ಳಬಹುದೇ? ಇಟ್ಟುಕೊಳ್ಳುವುದಾದರೆ ಕಡಿಮೆ ಖರ್ಚಿನಲ್ಲಿ ಸಿಗುವುದು ಯಾವುದು? ಎರಡನೆಯ ಪ್ರಶ್ನೆಗೆ ಅಂಗಡಿಯವನು ಉತ್ತರ ಹೇಳುತ್ತಾನೆ. ಮೊದಲನೆಯದಕ್ಕೆ ನಾವೇ ಉತ್ತರ ಹುಡುಕಿಕೊಳ್ಳಬೇಕು.

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿಗೆ ಹತ್ತಿರದ ಹೋಬಳಿ. ಇಂಥ ಊರಿನಲ್ಲಿ ನಾಲ್ಕೆಕರೆಯಲ್ಲಿ ತೊಗರಿ, ಸೋಯಾಬಿನ್ ಬೆಳೆಯುವ ರೈತನೊಬ್ಬ ಬೆಳೆ ಮಾರಿದ ದುಡ್ಡನ್ನು ಟ್ರಂಕಿನಲ್ಲಿಟ್ಟು ಮಲಗಿದ ರಾತ್ರಿ, ‘ಮನೆಯಲ್ಲೊಂದು ಬಂದೂಕು ಇದ್ದಿದ್ದರೆ’ ಎಂದುಕೊಂಡರೆ ಅವನನ್ನು ನಾವು ಹಳಿಯಲಾರೆವು. 2025ರ ಜನವರಿ 16ರಂದು ಬೀದರ್ ನಗರದಲ್ಲಿ ಹಾಡಹಗಲೇ, ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣ ದೋಚಿದರು. ಒಂದು ಜೀವ ಹೋಯಿತು. ಜಿಲ್ಲಾ ಕೇಂದ್ರದಲ್ಲೇ ಹೀಗಾದರೆ ಗಡಿಯ ಹಳ್ಳಿಯ ಗತಿಯೇನು ಎಂದು ಜನ ಕೇಳುವುದು ಸಹಜ. ಭಯಪಡುವುದು ಪಾಪವಲ್ಲ. ಆದರೆ ಭಯದ ಮಾತಿಗೆ ಕಿವಿಗೊಡುವುದು ಬೇರೆ, ಅದರ ಕೈಗೆ ಮನೆಯ ಕೀಲಿಕೈ ಕೊಡುವುದು ಬೇರೆ.

ಮನುಷ್ಯನಿಗೆ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವ ಹಕ್ಕಿದೆ. ಹಳೆಯ ದಂಡ ಸಂಹಿತೆಯಲ್ಲಿದ್ದ ಈ ಹಕ್ಕನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ. ದರೋಡೆಯಂಥ ಸಂದರ್ಭದಲ್ಲಿ, ರಾತ್ರಿ ಮನೆ ಒಡೆದು ನುಗ್ಗಿದಾಗ, ಎದುರಿಸುವವನ ಕೈಯಲ್ಲಿ ಸಾವೇ ಸಂಭವಿಸಿದರೂ ಕಾನೂನು ಅವನನ್ನು ಕ್ಷಮಿಸಬಹುದು. ಆದರೆ ಅದೇ ಕಾನೂನು ಒಂದು ಅಳತೆಯನ್ನೂ ಇಟ್ಟಿದೆ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಇಸ್ಲಾಮೀ ಧರ್ಮಶಾಸ್ತ್ರಜ್ಞರೂ ಶತಮಾನಗಳ ಹಿಂದೆಯೇ ಇಂಥದೇ ಅಳತೆ ಹೇಳಿದ್ದಾರೆ. ಮೇಲೆ ಬೀಳುವವನನ್ನು ಮಾತಿನಿಂದ ತಡೆಯಬಹುದಾದರೆ ಕೈ ಎತ್ತಬಾರದು, ಕೈಯಿಂದ ತಡೆಯಬಹುದಾದರೆ ಆಯುಧ ಎತ್ತಬಾರದು. ಇನ್ನು ಬಸವಕಲ್ಯಾಣವಿರುವ ಈ ಜಿಲ್ಲೆಯಲ್ಲಿ, ಹಸುಗಳನ್ನು ಕದ್ದೊಯ್ದ ಕಳ್ಳರ ಹಿಂದೆಯೇ ಕರುಗಳನ್ನೂ ಕಳಿಸಿಕೊಟ್ಟ ಬಸವಣ್ಣನವರ ಕಥೆಯನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಅಷ್ಟು ಎತ್ತರಕ್ಕೆ ಏರುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಅಳತೆಯನ್ನಾದರೂ ನಾವು ಬಿಡುವಂತಿಲ್ಲ.

ತೊಡಕು ಇರುವುದು ಇಲ್ಲೇ. ಕೂಗಿಗೆ ಅಳತೆಯಿದೆ, ಕೋಲಿಗೂ ಅಳತೆಯಿದೆ. ಕೋಲನ್ನು ತೋರಿಸಬಹುದು, ಕಾಲಿಗೆ ಬಾರಿಸಬಹುದು, ಅರ್ಧಕ್ಕೇ ತಡೆಯಬಹುದು. ಬಂದೂಕಿಗೆ ‘ಸ್ವಲ್ಪ’ ಎಂಬ ಮಾತು ಗೊತ್ತಿಲ್ಲ. ಹಾರಿದ ಗುಂಡನ್ನು ಮರಳಿ ಕರೆಯಲು ಬರುವುದಿಲ್ಲ. ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ಎರಡು ಮೂರು ಕ್ಷಣಗಳಲ್ಲಿ ಒಬ್ಬ ಮನುಷ್ಯ ಪೊಲೀಸನೂ ಸಾಕ್ಷಿಯೂ ನ್ಯಾಯಾಧೀಶನೂ ಆಗಬೇಕಾಗುತ್ತದೆ. ಎದುರಿಗಿರುವವನು ಕಳ್ಳನೋ, ತಡವಾಗಿ ಬಂದ ಮಗನೋ, ಕುಡಿದು ಬಾಗಿಲು ತಪ್ಪಿದ ಪಕ್ಕದ ಮನೆಯವನೋ? ನ್ಯಾಯಾಲಯಗಳೇ ವರ್ಷಗಟ್ಟಲೆ ತೆಗೆದುಕೊಳ್ಳುವ ತೀರ್ಪನ್ನು ಹಾಸಿಗೆಯಿಂದೆದ್ದವನಿಗೆ ಒಪ್ಪಿಸುವುದು ಎಷ್ಟು ಸರಿ?

ಖರ್ಚಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. ದೆಹಲಿಯ 2012ರ ಘೋರ ಅತ್ಯಾಚಾರದ ನಂತರ, ಮಹಿಳೆಯರ ರಕ್ಷಣೆಗೆಂದು ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ಹೊರತಂದಿತು. ಆಗ ಅದರ ಬೆಲೆ 1 ಲಕ್ಷ 22 ಸಾವಿರ ರೂಪಾಯಿ. ರಾತ್ರಿ ಬಸ್ಸಿಗಾಗಿ ಕಾಯುವ ಯಾವ ಹೆಣ್ಣುಮಗಳ ಕೈಚೀಲದಲ್ಲಿ ಅಷ್ಟು ಹಣವಿರುತ್ತದೆ? ಒಂಟಿ ನಳಿಕೆಯ ಬಂದೂಕು ಇದಕ್ಕಿಂತ ಅಗ್ಗ, ನಿಜ. ಆದರೆ ಖರ್ಚು ಬಂದೂಕಿನ ಬೆಲೆಯಲ್ಲಿ ಮುಗಿಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು, ಅದಕ್ಕೆ ಪೊಲೀಸರ ವರದಿ ಬೇಕು. 2016ರ ನಿಯಮಗಳಂತೆ ತರಬೇತಿ ಬೇಕು, ಭದ್ರವಾಗಿ ಬೀಗ ಹಾಕಿಡುವ ಮುಚ್ಚಳಿಕೆ ಬರೆದುಕೊಡಬೇಕು. ಕಾಲಕಾಲಕ್ಕೆ ನವೀಕರಣ ಮಾಡಿಸಬೇಕು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟರೆ ಕಳ್ಳ ಬಂದ ಕ್ಷಣದಲ್ಲಿ ನಮ್ಮ ಕೈಗೂ ಸಿಗುವುದಿಲ್ಲ. ತಲೆದಿಂಬಿನ ಕೆಳಗಿಟ್ಟರೆ ಮೊದಲು ಸಿಗುವುದು ಮಕ್ಕಳ ಕೈಗೆ. ಇನ್ನೂ ಒಂದು ವಿಪರ್ಯಾಸವಿದೆ. ಚುನಾವಣೆ ಬಂದಾಗ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವಂತೆ ಜಿಲ್ಲಾಡಳಿತ ಆದೇಶಿಸುವುದು ರೂಢಿ. ಊರಿನಲ್ಲಿ ಬಿಸಿ ಏರುವ ದಿನಗಳಲ್ಲೇ ಬಂದೂಕು ಠಾಣೆಯ ಕಪಾಟಿನಲ್ಲಿರುತ್ತದೆ.

ಇಷ್ಟೆಲ್ಲ ಯಾಕೆ ಎಂದು ಕಳ್ಳದಾರಿಯ ನಾಡಪಿಸ್ತೂಲಿಗೆ ಕೈ ಹಾಕುವವರೂ ಇದ್ದಾರೆ. ಪರವಾನಗಿಯಿಲ್ಲದ ಆಯುಧ ಸಿಕ್ಕರೆ ವರ್ಷಗಟ್ಟಲೆ ಜೈಲು. ಬಡವನ ಮನೆಯಲ್ಲಿ, ಅದರಲ್ಲೂ ಅಲ್ಪಸಂಖ್ಯಾತನ ಮನೆಯಲ್ಲಿ ಅದು ಸಿಕ್ಕರೆ ಅದಕ್ಕೆ ಇನ್ನೂ ಏನೇನು ಅರ್ಥ ಹಚ್ಚಲಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ರಕ್ಷಣೆಗೆಂದು ತಂದದ್ದೇ ಇಡೀ ಓಣಿಯನ್ನು ಅಪಾಯಕ್ಕೆ ನೂಕುತ್ತದೆ.

ಮನೆಯ ಬಂದೂಕಿನ ಪರಿಣಾಮವನ್ನು ಹೆಚ್ಚು ಅಧ್ಯಯನ ಮಾಡಿದ ದೇಶ ಅಮೆರಿಕ. ಅಲ್ಲಿ 1993ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರಲ್ಲಿ, ಬಂದೂಕು ಇರುವ ಮನೆಯಲ್ಲಿ ಕೊಲೆ ನಡೆಯುವ ಸಂಭವ ಇಲ್ಲದ ಮನೆಗಿಂತ ಸುಮಾರು 2.7 ಪಟ್ಟು ಹೆಚ್ಚು ಕಂಡುಬಂತು. ಕೊಂದವರು ಬಹುಪಾಲು ಮನೆಯವರು, ಇಲ್ಲವೇ ಪರಿಚಿತರು. ನಮ್ಮ ಹಳ್ಳಿ ಅಮೆರಿಕವಲ್ಲ ಎನ್ನಬಹುದು. ಆದರೆ ಸಿಟ್ಟು, ಕುಡಿತ, ಆಸ್ತಿಯ ಜಗಳ, ಸಾಲದ ಹತಾಶೆ ಎಲ್ಲ ದೇಶದಲ್ಲೂ ಒಂದೇ. ಕೈಗೆಟಕುವಷ್ಟು ಹತ್ತಿರದಲ್ಲಿ ಕೀಟನಾಶಕದ ಡಬ್ಬಿ ಇದ್ದುದರಿಂದ ಹೋದ ಜೀವಗಳನ್ನು ನಮ್ಮ ರೈತ ಕುಟುಂಬಗಳು ಬಲ್ಲವು. ಆ ಒಂದು ಕೆಟ್ಟ ಗಳಿಗೆಯಲ್ಲಿ ಡಬ್ಬಿಯ ಬದಲು ಬಂದೂಕಿದ್ದರೆ ಆಸ್ಪತ್ರೆಗೆ ಓಡಲೂ ಸಮಯ ಉಳಿಯುವುದಿಲ್ಲ.

ಹಾಗಾದರೆ ಕೊಡಗಿನಲ್ಲಿ ಮನೆಮನೆಗೂ ಕೋವಿಯಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ಕೋವಿ ಹುಟ್ಟಿಗೂ ಸಾವಿಗೂ ಮೊಳಗುತ್ತದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ, ಹಿರಿಯರ ಕಣ್ಣೆದುರಿನ ಒಂದು ಶಿಸ್ತಿನೊಳಗೆ ಬದುಕುತ್ತದೆ. ಪಕ್ಕದ ಮನೆಯವನ ಭಯಕ್ಕೆ ಗುಟ್ಟಾಗಿ ಕೊಂಡ ಬಂದೂಕಿಗೆ ಅಂಥ ಯಾವ ಶಿಸ್ತೂ ಇಲ್ಲ. ಅದು ಮಾಡುವ ಮೊದಲ ಕೆಲಸ, ಎದುರು ಮನೆಯಲ್ಲೂ ಇನ್ನೊಂದು ಬಂದೂಕನ್ನು ಹುಟ್ಟಿಸುವುದು.

ಬೀದರ್ ಜಿಲ್ಲೆಗೆ ಈ ಪಾಠ ರಕ್ತದಲ್ಲಿ ಬಂದಿದೆ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಅದೇ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದ ಮುಸ್ಲಿಮರ ಹತ್ಯೆಗಳಾದವು. ಪಂಡಿತ್ ಸುಂದರ್‌ಲಾಲ್ ಸಮಿತಿ ಸತ್ತವರನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಅದೇ ವರದಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ: ಕೆಲವೆಡೆ ಹಿಂದೂ ನೇಕಾರರು ತಮ್ಮ ಮುಸ್ಲಿಂ ನೇಕಾರ ಬಂಧುಗಳ ಪರವಾಗಿ ನಿಂತು, ತಮ್ಮ ಪ್ರಾಣವನ್ನೂ ಕೊಟ್ಟು ಅವರನ್ನು ಉಳಿಸಿದರು. ಅವರನ್ನು ಒಂದುಗೂಡಿಸಿದ್ದು ಒಂದೇ ಕಸುಬಿನ ನಂಟು.

ನೆರೆಯವನು ಬರದಿದ್ದರೆ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಎಷ್ಟೋ ಕಡೆ ಬಂದಿಲ್ಲ. ದುರ್ಬಲನಿಗೆ ‘ನೀನು ಆಯುಧ ಹಿಡಿಯಬೇಡ’ ಎಂದು ಬಲಶಾಲಿ ಉಪದೇಶ ಮಾಡುವುದು ಅಸಹ್ಯ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1995ರಲ್ಲಿ ಬಂದ ನಿಯಮಗಳು ಇಲ್ಲಿ ದಾರಿ ತೋರಿಸುತ್ತವೆ. ದೌರ್ಜನ್ಯದ ಭೀತಿಯಿರುವ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ ಬಂದೂಕು ಪರವಾನಗಿ ರದ್ದು ಮಾಡುವುದು, ಅಕ್ರಮ ಆಯುಧಗಳನ್ನು ವಶಪಡಿಸಿಕೊಳ್ಳುವುದು, ಅಗತ್ಯಬಿದ್ದರೆ ಪರಿಶಿಷ್ಟರಿಗೆ ಪರವಾನಗಿ ಕೊಡುವುದು ಎಂಬ ಕ್ರಮ ಅದರಲ್ಲಿದೆ. ಮೊದಲು ಬಲವಂತನ ಕೈಯಿಂದ ತೆಗೆ, ನಂತರ ದುರ್ಬಲನ ಮಾತು ಎತ್ತು ಎಂಬ ಈ ಸರದಿಯಲ್ಲೇ ನ್ಯಾಯವಿದೆ. ನಿಜವಾದ ಜೀವಬೆದರಿಕೆ ಇರುವವನಿಗೆ ಜಾತಿ ಮತ ನೋಡದೆ ಪರವಾನಗಿ ಕೊಡಬೇಕು. ಅವನು ಅದನ್ನು ಪಡೆದರೆ ನಾವು ಬೆರಳು ತೋರಿಸಬಾರದು. ಆದರೆ ನೂರು ಜನರ ಗುಂಪಿನ ಎದುರು ಒಂದು ಬಂದೂಕು ಮನೆಯನ್ನು ಉಳಿಸುವುದು ಅಪರೂಪ. ಗುಂಪಿಗೆ ನೆಪ ಒದಗಿಸುವುದೇ ಹೆಚ್ಚು.

ಆದ್ದರಿಂದ ಸಾಯಗಾಂವದ ಆ ರೈತನ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದು ಮೊದಲು ಗಟ್ಟಿ ಬಾಗಿಲಿಗೆ, ಒಳಚಿಲಕಕ್ಕೆ, ಅಂಗಳದ ದೀಪಕ್ಕೆ ಹೋಗಲಿ. ಬೆಳೆಯ ದುಡ್ಡು ಟ್ರಂಕಿನ ಬದಲು ಬ್ಯಾಂಕಿಗೆ ಹೋಗಲಿ. 112ಕ್ಕೆ ಕರೆ ಮಾಡಿದರೆ ಪೊಲೀಸರು ಬೇಗ ಬರುವಂತೆ ಊರೆಲ್ಲ ಸೇರಿ ಒತ್ತಾಯಿಸಲಿ. ಅದು ಭಿಕ್ಷೆಯಲ್ಲ, ತೆರಿಗೆ ಕೊಡುವವನ ಹಕ್ಕು. ಹಣಕ್ಕೆ ಸಿಗದ ಇನ್ನೊಂದು ಕಾವಲಿದೆ. ರಾತ್ರಿ ನಾವು ಕೂಗಿದರೆ ಎಷ್ಟು ಬಾಗಿಲು ತೆರೆಯುತ್ತವೆ? ಈ ಲೆಕ್ಕವನ್ನು ಹಗಲಿನಲ್ಲೇ ಮಾಡಿಕೊಳ್ಳಬೇಕು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಪಕ್ಕದವನು ಕೂಗಿದ ರಾತ್ರಿ ನಮ್ಮ ಬಾಗಿಲು ತೆರೆದಿತ್ತೇ?